ಹೆಚ್ಚಿನ ಬಿಂದಿಗೆಗೆ ಐದು ರೂಪಾಯಿ

ಆರ್.ಟಿ. ನಗರದಲ್ಲಿ ಹಾಸಿಗೆ ತುಂಬುತ್ತಿದ್ದವರ ಮಗಳು ತರನ್ನುಮ್, ಹತ್ತಿಯ ಧೂಳಿನ ನಡುವೆಯೇ ಓದಿ ಎಂ.ಎ. ಮುಗಿಸಿ, ಯಲಹಂಕದ ಕಡೆಯ ಒಂದು ಕಾಲೇಜಿನಲ್ಲಿ ಬಿಬಿಎ ಹುಡುಗರಿಗೆ ಅರ್ಥಶಾಸ್ತ್ರ ಹೇಳಿಕೊಡುತ್ತಿದ್ದರು. ಬೇಡಿಕೆ, ಪೂರೈಕೆ ಎಂಬ ಎರಡು ಕತ್ತಿಗಳನ್ನು ಝಳಪಿಸುತ್ತ ಅವರು ಕರಿಹಲಗೆಯ ಮುಂದೆ ನಿಂತರೆ, ಕೊನೆಯ ಬೆಂಚಿನ ಮೊಬೈಲ್ ವೀರರೂ ಒಂದು ಕ್ಷಣ ತಲೆ ಎತ್ತುತ್ತಿದ್ದರು. ಆ ವರ್ಷ ಪಠ್ಯಕ್ಕೆ ಸುಸ್ಥಿರತೆ ಎಂಬ ಹೊಸ ಅಧ್ಯಾಯ ಸೇರಿತ್ತು. ಎಲ್ಲರಿಗೂ ಸೇರಿದ್ದು ಯಾಕೆ ಬೇಗ ಹಾಳಾಗುತ್ತದೆ? ಅದಕ್ಕೆ ಬೆಲೆಯಿಲ್ಲ, ಅದಕ್ಕೆ. ಬೆಲೆ ಕಟ್ಟಿ, ಉಳಿಯುತ್ತದೆ. ಇದು ಮೇಡಂ ಅವರ ಬ್ರಹ್ಮಾಸ್ತ್ರ. ಅಂಥದ್ದು ಕೈಗೆ ಬಂದ ಮೇಲೆ ಬಿಡದೆ ಸುಮ್ಮನಿದ್ದವರು ಪುರಾಣದಲ್ಲೇ ಕಡಿಮೆ. ಇನ್ನು ಸಂಜಯನಗರದಲ್ಲಿ ಎಲ್ಲಿಂದ ತರುವುದು?

ಸಂಜಯನಗರದ ಅವರ ವಠಾರದಲ್ಲಿ ಆರು ಮನೆ, ಒಂದು ಬೋರ್‌ವೆಲ್, ಒಂದೇ ನಲ್ಲಿ. ಆ ನಲ್ಲಿ ಮಾರಕ್ಕನ ಬಾಗಿಲ ಎದುರಿಗಿತ್ತು. ಗಂಡ ಹೋದ ಮೇಲೆ ಮಾರಕ್ಕ ದೋಸೆಹಿಟ್ಟು ರುಬ್ಬಿ ಮಾರಿ ಬದುಕುತ್ತಿದ್ದಳು. ಅಕ್ಕಿ ತೊಳೆಯುವುದಕ್ಕೆ, ನೆನೆಸುವುದಕ್ಕೆ, ಗ್ರೈಂಡರ್ ತೊಳೆಯುವುದಕ್ಕೆ ಆ ನೀರೇ ಗತಿ. ಬೋರು ನಿಂತರೆ ಅವಳ ಅನ್ನವೂ ನಿಂತಂತೆ.

ಮನೆಗೆ ದಿನಕ್ಕೆ ಹತ್ತು ಬಿಂದಿಗೆ ಎಂದು ಹಿಂದಿನಿಂದ ನಡೆದು ಬಂದಿತ್ತು; ಹಿಟ್ಟಿಗೆಂದು ಮಾರಕ್ಕನಿಗೆ ನಾಲ್ಕು ಹೆಚ್ಚು. ಉಳಿದವರಿಗೆ ಹೆಚ್ಚು ಬೇಕಾದರೆ ಅವಳನ್ನು ಕೇಳಬೇಕು. “ಯಾಕೆ?” ಎಂದು ಅವಳು ಇಡೀ ಬೀದಿಗೆ ಕೇಳುವ ಹಾಗೆ ಕೇಳುತ್ತಿದ್ದಳು. ನೆಂಟರು ಬಂದಿದ್ದರೆ, ಮಗುವಿಗೆ ಭೇದಿಯಾಗಿದ್ದರೆ ಸರಿ. ಗೂಡ್ಸ್ ಆಟೋ ಓಡಿಸುವ ಮುಕ್ತಾರ್ ಒಮ್ಮೆ ಗಾಡಿ ತೊಳೆಯಬೇಕು ಎಂದಿದ್ದಕ್ಕೆ, “ಯಾಕ್ಲಾ, ನಿನ್ ಗಾಡೀಗೇನ್ ಮದ್ವೆನಾ?” ಎಂದಿದ್ದಳು. ಆರು ಮನೆಯೂ ನಕ್ಕವು. ಅವತ್ತಿನಿಂದ ಮುಕ್ತಾರ್ ಗಾಡಿಯನ್ನು ಒದ್ದೆ ಬಟ್ಟೆಯಲ್ಲೇ ಒರೆಸುತ್ತಿದ್ದ.

ಆ ಬೇಸಿಗೆಯಲ್ಲಿ ನಲ್ಲಿಯ ಧಾರೆ ಹೆಬ್ಬೆರಳಿನ ದಪ್ಪದಿಂದ ಕಿರುಬೆರಳಿಗೆ ಇಳಿಯಿತು. ಮೇಡಂ ಸಭೆ ಕರೆದರು.

“ಮುಖ ನೋಡಿ ಕೊಡೋದು, ಮುಖ ನೋಡಿ ಬೈಯೋದು, ಇದೊಂದು ವ್ಯವಸ್ಥೆನಾ? ಹತ್ತರ ಮೇಲೆ ಬಿಂದಿಗೆಗೆ ಐದು ರೂಪಾಯಿ ಡಬ್ಬಿಗೆ ಹಾಕಿ, ತಗೊಳ್ಳಿ. ಆ ದುಡ್ಡಲ್ಲಿ ಮಳೆನೀರಿಗೆ ಇಂಗುಗುಂಡಿ ತೋಡಿಸೋಣ. ಮಾರಕ್ಕ ಹಿಟ್ಟಿನ ನೀರಿಗೆ ದುಡ್ಡು ಕೊಡೋದು ಬೇಡ.”

“ನಂಗೂ ಬಾಯಿ ನೋವ್ ತಪ್ತು ಬುಡಿ,” ಎಂದಳು ಮಾರಕ್ಕ.

ಮರುದಿನವೇ ಮುಕ್ತಾರ್ ಎಂಟು ಬಿಂದಿಗೆ ಹೆಚ್ಚು ಹಿಡಿದ. ನಿವೃತ್ತ ಗುಮಾಸ್ತ ಮುನಿವೆಂಕಟಯ್ಯನವರು ವರ್ಷಗಟ್ಟಲೆ ಪೊರಕೆಯನ್ನಷ್ಟೇ ಕಂಡಿದ್ದ ತಮ್ಮ ಮೆಟ್ಟಿಲುಗಳಿಗೆ ಕುಂಭಾಭಿಷೇಕ ನೆರವೇರಿಸಿದರು.

“ಮುಕ್ತಾರ್, ಬೋರು ಬತ್ತಾ ಇದೆ ಕಣೋ!”

“ಗೊತ್ತು ಆಪಾ. ಆದ್ರೂ ನಿಮ್ ಸಿಸ್ಟಮ್ ಸೂಪರ್. ಮೊದ್ಲು ಮಾರಕ್ಕನ ಬಾಯಿಗೆ ಹೆದರ್ತಿದ್ದೆ. ಈಗ ದುಡ್ಡು ಬಿಸಾಕಿದ್ರೆ ನೀರೂ ನಂದೇ, ಮರ್ಯಾದೆನೂ ನಂದೇ!”

ಮೇಡಂ ಬೆಲೆಯನ್ನು ಹತ್ತಕ್ಕೆ ಏರಿಸಿದರು. ಬೆಲೆ ಏರಿದರೆ ಬೇಡಿಕೆ ಇಳಿಯಬೇಕು. ಕರಿಹಲಗೆಯ ಮೇಲೆ ಆ ಗೆರೆ ಎಂದೂ ಮಾತು ತಪ್ಪಿರಲಿಲ್ಲ. ಆದರೆ ಹತ್ತು ಕೊಟ್ಟವರು ಐದು ಕೊಟ್ಟವರಿಗಿಂತ ಎದೆ ಉಬ್ಬಿಸಿ ಹಿಡಿದರು. ಡಬ್ಬಿ ತುಂಬುತ್ತ ಬಂತು, ಬೋರು ಖಾಲಿಯಾಗುತ್ತ ಬಂತು. ಗಾಬರಿಯಾಗಿ ಮೇಡಂ ಡಬ್ಬಿಯನ್ನೇ ತೆಗೆದು, ಮೊದಲಿನ ಹಾಗೆ ಮಾರಕ್ಕನನ್ನು ಕೇಳಿ ಹಿಡಿಯಿರಿ ಎಂದರು.

ಯಾರೂ ಕೇಳಲಿಲ್ಲ. ಬಿಂದಿಗೆ ಮಾತ್ರ ತಂದರು. “ಯಾಕೆ?” ಎಂದು ಮಾರಕ್ಕ ಕೂಗಿದರೆ, “ಈಗ ಫ್ರೀ ಅಲ್ವೇನಮ್ಮಾ?” ಎಂದರು ಮುನಿವೆಂಕಟಯ್ಯ, ತಲೆಯನ್ನೂ ಎತ್ತದೆ.

ಏಪ್ರಿಲ್‌ನಲ್ಲಿ ನಲ್ಲಿ ಕೆಸರು ಕಾರಿತು, ಆಮೇಲೆ ಬರೀ ಗಾಳಿ. ಇಂಗುಗುಂಡಿಯ ಹಣದಲ್ಲಿ ಟ್ಯಾಂಕರ್ ತರಿಸಿದರು. ಎರಡು ಲೋಡಿಗೆ ಸುಸ್ಥಿರತೆ ಮುಗಿಯಿತು. ಆಮೇಲೆ ಐದು ಮನೆಯವರು ಬೈದುಕೊಂಡೇ ನೀರು ಕೊಂಡರು. ಮಾರಕ್ಕ ಕೊಂಡ ನೀರಿನಲ್ಲಿ ಅಕ್ಕಿ ತೊಳೆದರೆ ಉಳಿಯುವುದು ಏನೂ ಇರಲಿಲ್ಲ. ಹಿಟ್ಟಿನ ಬೆಲೆ ಏರಿಸಿದಳು. ಗಿರಾಕಿಗಳು ಅಂಗಡಿಯ ಪ್ಯಾಕೆಟ್ಟಿಗೆ ಹೋದರು. ಈ ಗೆರೆ ಮಾತ್ರ ಕರಿಹಲಗೆಯ ಮೇಲಿದ್ದಂತೆಯೇ ಇಳಿಯಿತು.

ಹೆಬ್ಬಾಳದ ಒಂದು ಹೋಟೆಲಿಗೆ ಗ್ರೈಂಡರ್ ಮಾರಿ, ಬಾಗಲೂರಿನ ಕಡೆಯ ತಮ್ಮನ ಮನೆಗೆ ಹೊರಟಳು ಮಾರಕ್ಕ.

“ಅಲ್ಲಿ ಏನ್ ಮಾಡ್ತೀರಾ ಮಾರಕ್ಕ?”

“ತಮ್ಮನ ಎಂಡ್ರು ಏನೇಳ್ತಾಳೋ ಅದ. ನೀವು ಬ್ಯಾಸ್ರ ಮಾಡ್ಕಬ್ಯಾಡಿ ಟೀಚರಮ್ಮ. ಒಳ್ಳೇದ್ಕೇ ಮಾಡಿದ್ರಿ.”

ಬೈದಿದ್ದರೆ ವಾಸಿಯಿತ್ತು.

ಮುಕ್ತಾರ್ ಗಾಡಿ ತಂದು ನಿಲ್ಲಿಸಿದ. ವಠಾರದಲ್ಲಿ ಅಷ್ಟು ಹೊಳೆಯುವ ವಸ್ತು ಇನ್ನೊಂದಿರಲಿಲ್ಲ. ಮೇಡಂ ಪರ್ಸು ತೆಗೆದರು. “ಬಾಡಿಗೆ ಎಷ್ಟಾಗತ್ತೆ? ನಾನು ಕೊಡ್ತೀನಿ.”

ಅವನ ಮುಖ ಸಣ್ಣದಾಯಿತು. “ಏನ್ ಆಪಾ ನೀವು! ಮಾರಕ್ಕನ ಸಾಮಾನು ಸಾಗಿಸೋಕೆ ದುಡ್ಡಾ? ನಾಳೆ ನಾನು ಯಾರಿಗೆ ಮುಖ ತೋರಿಸ್ಲಿ?”

ಮೇಡಂ ಪರ್ಸು ಮುಚ್ಚಿದರು. ದಾರಿಯಲ್ಲಿ ಹೋಟೆಲಿಗೆ ಇಳಿಸಬೇಕಿದ್ದ ಗ್ರೈಂಡರಿನ ಒಂದು ಬದಿ ಮುಕ್ತಾರ್ ಹಿಡಿದ, ಇನ್ನೊಂದು ಬದಿಗೆ ಅವರು ಕೈ ಹಾಕಿದರು. ನೆಲದಿಂದ ಒಂದು ಗೇಣೂ ಏಳಲಿಲ್ಲ. ಕೊನೆಗೆ ಮಾರಕ್ಕನೇ ಸೆರಗು ಸಿಕ್ಕಿಸಿಕೊಂಡು ಬಂದು, “ಜರುಗಿ ಟೀಚರಮ್ಮ,” ಎಂದು ಎತ್ತಿಕೊಟ್ಟಳು.