ವರ್ನಾ ಹಾಕದ ಸಹಿ

ಬೆಳಿಗ್ಗೆ ಐದೂಮುಕ್ಕಾಲು. ಟ್ವಿನ್ ಲಿಕ್ ವಿದ್ಯುತ್ ಕಂಪನಿಯ ಟ್ರಕ್ ಅಂಗಳದಲ್ಲಿ ಎಂಜಿನ್‌ಗಳು ಗುರುಗುಟ್ಟುತ್ತಿವೆ. ಒಂದು ಕೈಯಲ್ಲಿ ಕಾಫಿ, ಇನ್ನೊಂದರಲ್ಲಿ ಹೆಲ್ಮೆಟ್ಟು ಹಿಡಿದ ಲೈನ್‌ಮನ್‌ಗಳ ನಡುವೆ, ಗುಲಾಬಿ ಬಣ್ಣದ ಉಣ್ಣೆ ಟೋಪಿ ತೊಟ್ಟ ಗಿಡ್ಡ ಹೆಂಗಸೊಬ್ಬರು ಕಂಕುಳಲ್ಲಿ ಫೈಲು ಅವುಚಿಕೊಂಡು ಈಚೆಗಷ್ಟೇ ವ್ಯವಸ್ಥಾಪಕನಾಗಿ ಬಡ್ತಿ ಪಡೆದ ಒಬ್ಬ ಆಜಾನುಬಾಹುವನ್ನು ಅಡ್ಡಗಟ್ಟಿದ್ದಾರೆ.

"ಒಂದೇ ನಿಮಿಷ ನಿಲ್ಲಪ್ಪ. ಈ ಕಾಗದಕ್ಕೆ ಸಹಿ ಹಾಕಿದ್ದೀಯ. ದುಡ್ಡು ಎಲ್ಲಿಗೆ ಹೋಗುತ್ತೆ, ಗೊತ್ತಾ?"

"ಅಯ್ಯೋ ಮಿಸ್ ವರ್ನಾ, ಬೆಳಬೆಳಗ್ಗೆ ಪರೀಕ್ಷೆನಾ? ವಾಷಿಂಗ್ಟನ್ನಿನ ಸಂಸದರ ಚುನಾವಣೆ ಖರ್ಚಿಗೆ."

"ಕೊಡದಿದ್ರೆ?"

"ಏನೂ ಆಗಲ್ಲ. ಕೆಲಸ ಹೋಗಲ್ಲ, ಬಡ್ತಿ ನಿಲ್ಲಲ್ಲ."

"ಪಾಸು! ಹೋಗು, ಹುಷಾರಾಗಿ ಗಾಡಿ ಓಡಿಸು."

ವರ್ನಾ ಸ್ಟೋಲ್ಜ್ ಅವರಿಗೆ ಅರವತ್ತೊಂದು. ಓಹಾಯೊದ ದಕ್ಷಿಣ ತುದಿಯ ಈ ಕಂಪನಿಯ ಸಂಬಳ ವಿಭಾಗದಲ್ಲಿ ಗುಮಾಸ್ತೆ. ಅದರ ಜೊತೆಗೆ ಇಪ್ಪತ್ತಾರು ವರ್ಷಗಳಿಂದ ಕಂಪನಿಯ 'ಸುಶಾಸನ ನಿಧಿ'ಯ ಖಜಾಂಚಿ. ಹೆಸರು ಕೇಳಿ ದೇವಸ್ಥಾನದ ಹುಂಡಿ ಅಂದುಕೊಳ್ಳಬೇಡಿ. ಸಂಸದರ ಚುನಾವಣೆಗೆ ಕಂಪನಿ ತನ್ನ ತಿಜೋರಿಯಿಂದ ಬಿಡಿಗಾಸೂ ಕೊಡುವಂತಿಲ್ಲ. ಗುಮಾಸ್ತರನ್ನು, ಲೈನ್‌ಮನ್‌ಗಳನ್ನು ಕೇಳುವಂತೆಯೂ ಇಲ್ಲ. ಆದರೆ ವ್ಯವಸ್ಥಾಪಕರು, ಎಂಜಿನಿಯರುಗಳು ಮನಸಾರೆ ಒಪ್ಪಿದರೆ ಅವರ ಸಂಬಳದಿಂದ ಹತ್ತು, ಹದಿನೈದು ಡಾಲರ್ ಹಿಡಿದು ನಿಧಿ ಕೂಡಿಸಬಹುದು. ಅದರಿಂದ ಒಬ್ಬ ಅಭ್ಯರ್ಥಿಗೆ ಒಂದು ಚುನಾವಣೆಗೆ ಐದು ಸಾವಿರದವರೆಗೆ ಚೆಕ್ ಬರೆಯಬಹುದು. ವಿದ್ಯುತ್ತಿನ ಕಾನೂನು ಯಾರ ಮೇಜಿನ ಮೇಲೆ ಬರುತ್ತದೋ, ಚೆಕ್ಕು ಸಾಮಾನ್ಯವಾಗಿ ಅವರ ಮನೆಯ ದಾರಿ ಹಿಡಿಯುತ್ತದೆ.

ಉಪಾಹಾರ ಕೂಟದಲ್ಲಿ ಸಂಸದರ ಕೈ ಕುಲುಕಿ ಚೆಕ್ ಕೊಡುವವರು ಉಪಾಧ್ಯಕ್ಷ ಪ್ರೆಸ್ಟನ್ ಗೇಲ್. ಆ ಕೂಟಗಳ ಒಂದು ಫೋಟೋದಲ್ಲೂ ವರ್ನಾ ಇಲ್ಲ. ಆದರೆ ಮೂರು ತಿಂಗಳಿಗೊಮ್ಮೆ ಸರ್ಕಾರಕ್ಕೆ ಹೋಗುವ ವರದಿಯ ಕೆಳಗೆ ಇರುವುದು ವರ್ನಾ ಹೆಸರೊಂದೇ. "ಫೋಟೋ ಅವರದು, ತಪ್ಪಾದ್ರೆ ನೋಟಿಸು ನಂದು" ಎಂದು ನಗುತ್ತಾರೆ. ಈ ಹುದ್ದೆ ಸಿಕ್ಕಿದ್ದಾದರೂ ಹೇಗೆ? "ಹಳೇ ಖಜಾಂಚಿ ನಿವೃತ್ತಿ ದಿನ ಕೇಕ್ ಹಂಚೋಕೆ ಬಾ ಅಂದ್ರು. ಚಾಕು ನನ್ನ ಕೈಲಿತ್ತು ನೋಡಿ, ನಿಧಿನೂ ನನ್ನ ಕೈಗೇ ಇಟ್ರು."

ಕೊಡುವವರು ಮುನ್ನೂರ ಹನ್ನೆರಡು ಮಂದಿ. ವರ್ಷಕ್ಕೆ ಇನ್ನೂರು ಡಾಲರ್ ದಾಟಿದವರ ಹೆಸರು, ವಿಳಾಸ, ಹುದ್ದೆ ಎಲ್ಲ ವರದಿಯಲ್ಲಿರಬೇಕು. ಯಾರಾದರೂ ಮನೆ ಬದಲಿಸಿದರೆ ವರ್ನಾ ಫೋನ್ ಹಿಡಿದು ಕೂರುತ್ತಾರೆ. ಅಷ್ಟೆಲ್ಲ ಕಚೇರಿಯಲ್ಲೇ ಆಗುವ ಕೆಲಸ. ಹಾಗಿದ್ದ ಮೇಲೆ ಈ ಚಳಿಯಲ್ಲಿ ಅಂಗಳಕ್ಕೆ ಬಂದು ನಿಲ್ಲುವುದೇಕೆ?

"ಮೇಜಿನ ಮುಂದೆ ಕೇಳಿದ್ರೆ ಎಲ್ರೂ ಹೂಂ ಅಂತಾರೆ, ಸಾಹೇಬ್ರು ಪಕ್ಕದಲ್ಲೇ ಇರ್ತಾರಲ್ಲ. ಇಲ್ಲಿ ಯಾರೂ ಯಾರಿಗೂ ಹೆದರಲ್ಲ" ಎನ್ನುತ್ತಾರೆ ಅವರು.

ಇದು ಶುರುವಾದದ್ದು ಕಳೆದ ಅಕ್ಟೋಬರಿನಲ್ಲಿ, ಅಗ್ನಿಶಾಮಕ ಠಾಣೆಯಲ್ಲಿ ಊರವರಿಗೆಲ್ಲ ಏರ್ಪಡಿಸಿದ್ದ ಬೀನ್ಸ್ ಸಾರಿನ ಊಟದ ದಿನ. ಹತ್ತೊಂಬತ್ತು ವರ್ಷ ಕಂಬ ಹತ್ತಿ, ಆ ವಸಂತದಲ್ಲಷ್ಟೇ ವಲಯ ವ್ಯವಸ್ಥಾಪಕರಾಗಿದ್ದ ಡೆಲ್ಬರ್ಟ್ ಕ್ರೌಸ್ ವರ್ನಾ ಎದುರಿಗೆ ಕುಳಿತಿದ್ದರು. ಕೆಲಸದಲ್ಲಿ ಅವರ ಹಳೆಯ ಜೊತೆಗಾರ ರೂಬೆನ್ ತಂತಿ ತಗುಲಿ ಎರಡೂ ತೋಳು ಸುಟ್ಟುಕೊಂಡು ಆಸ್ಪತ್ರೆಯಲ್ಲಿದ್ದರು.

"ಮಿಸ್ ವರ್ನಾ, ನಮ್ಮ ನಿಧಿಯಿಂದ ರೂಬೆನ್‌ಗೆ ಎಷ್ಟು ಕೊಟ್ರಂತೆ? ನಂದೂ ತಪ್ಪದೆ ಹದಿನೈದು ಡಾಲರ್ ಹಿಡೀತಿದ್ದಾರೆ."

ಗಾಯಾಳುಗಳಿಗೆಂದು ಲೈನ್‌ಮನ್‌ಗಳದೇ ಒಂದು ನಿಧಿಯಿದೆ. ಕೆಲಸಕ್ಕೆ ಸೇರಿದ ದಿನದಿಂದ ಎಲ್ಲರೂ ಅದಕ್ಕೆ ಕೊಡುತ್ತಾರೆ. ಬಡ್ತಿಯಾದರೆ ಆ ಕಡಿತ ನಿಂತುಹೋಗುತ್ತದೆ, ಮುಂದುವರಿಸಲು ಬೇರೆ ಅರ್ಜಿ ಕೊಡಬೇಕು. ಬಡ್ತಿಯ ಕಾಗದದ ಕಟ್ಟಿನಲ್ಲಿ 'ನಿಧಿ' ಎಂದು ಕಂಡದ್ದೇ, ಹಳೆಯದೇ ಮುಂದುವರಿಯುತ್ತಿದೆ ಎಂದುಕೊಂಡು ಡೆಲ್ಬರ್ಟ್ ಸಹಿ ಹಾಕಿದ್ದರು.

"ನಿನ್ನ ದುಡ್ಡು ರೂಬೆನ್‌ಗೆ ಹೋಗಿಲ್ಲ ಕಣಪ್ಪ. ಸಂಸದರಿಗೆ ಹೋಗಿದೆ."

ಡೆಲ್ಬರ್ಟ್ ಚಮಚ ಕೆಳಗಿಟ್ಟರು. "ಅವರಿಗೇನು ಸುಟ್ಟಿತ್ತು?"

ವರದಿಗೆ ಸಹಿ ಹಾಕಲು ಒಂಬತ್ತೇ ದಿನ ಉಳಿದಿತ್ತು. ಮರುದಿನ ಬೆಳಿಗ್ಗೆಯೇ ವರ್ನಾ ಅಂಗಳಕ್ಕಿಳಿದರು. ಕಂಬದಿಂದ ಇಳಿದು ಕುರ್ಚಿಗೇರಿದ ನಲವತ್ತಮೂರು ಮಂದಿಯನ್ನು ಒಬ್ಬೊಬ್ಬರನ್ನಾಗಿ ಹಿಡಿದು ಕೇಳಿದರು. ಡೆಲ್ಬರ್ಟ್ ಸೇರಿ ಒಂಬತ್ತು ಮಂದಿಯದು ಅದೇ ಕಥೆ. ಅವರ ಹಣ ವಾಪಸಾಗದೆ ತಾನು ಸಹಿ ಹಾಕುವುದಿಲ್ಲ ಎಂದು ಉಪಾಧ್ಯಕ್ಷರಿಗೆ ತಿಳಿಸಿಬಿಟ್ಟರು.

ಗೇಲ್ ಕೆಂಡವಾದರು. ಚುನಾವಣೆ ಹತ್ತಿರ ಬಂದಿತ್ತು. ಕಂಪನಿಯವರು ತಿಳಿಯದವರಿಂದ ಹಣ ಹಿಡಿದರೆಂದು ಊರೆಲ್ಲ ಆಡಿಕೊಳ್ಳುತ್ತದೆಂಬ ಭಯ ಅವರಿಗೆ.

"ಸಹಿ ಅವರೇ ಹಾಕಿದ್ದಾರಲ್ಲ! ಓದದೆ ಹಾಕಿದ್ದು ಯಾರ ತಪ್ಪು?"

"ತಿಳೀದೆ ಕೊಟ್ಟಿದ್ದನ್ನ ಮನಸಾರೆ ಕೊಟ್ರು ಅಂತ ನಾನು ಬರೆಯಲ್ಲ ಸಾರ್."

"ಹಾಗಾದ್ರೆ ಬರೆಯೋರನ್ನೇ ಹುಡುಕ್ತೀನಿ. ಆಮೇಲೆ ನಿಮ್ಮ ಕೆಲಸದ ಮಾತೂ ಆಡೋಣ."

ಪಿಂಚಣಿಗೆ ಇನ್ನೂ ನಾಲ್ಕು ವರ್ಷವಿತ್ತು. ವರ್ನಾ ಮೊಮ್ಮಗಳ ಫೋಟೋ, ಕಾಫಿ ಲೋಟ, ಚಪ್ಪಲಿ ಎಲ್ಲವನ್ನೂ ಒಂದು ರಟ್ಟಿನ ಡಬ್ಬಿಗೆ ತುಂಬಿ ಕಾಲ ಬಳಿ ಇಟ್ಟುಕೊಂಡರು. "ಧೈರ್ಯ ಗಿರ್ಯ ಏನಿಲ್ಲ. ಹೆದರಿಕೆಗೆ ವಾರವೆಲ್ಲ ಬರೀ ಬಿಸ್ಕತ್ತು ತಿಂದೆ" ಎಂದು ಈಗ ಹೇಳಿಕೊಳ್ಳುತ್ತಾರೆ.

ಗಡುವಿಗೆ ಎರಡು ದಿನವಿದ್ದಾಗ ಗೇಲ್ ಕಚೇರಿಯಿಂದ ಒಂದು ಸಾಲಿನ ಚೀಟಿ ಬಂತು: ಹಣ ಹಿಂದಿರುಗಿಸಿ. ಕಾರಣ ಬರೆದಿರಲಿಲ್ಲ. ಒಂಬತ್ತು ಮಂದಿಗೂ ದುಡ್ಡು ಮರಳಿತು. ಡೆಲ್ಬರ್ಟ್ ಅದನ್ನು ಹಾಗೇ ರೂಬೆನ್ ಹೆಂಡತಿಯ ಕೈಗಿಟ್ಟರು. ಮೂವರು ಮಾತ್ರ ಎಲ್ಲ ಕೇಳಿ ತಿಳಿದುಕೊಂಡು ಸುಶಾಸನ ನಿಧಿಗೇ ಮತ್ತೆ ಸಹಿ ಹಾಕಿದರು. ವರ್ನಾಗೆ ಅದರಲ್ಲಿ ಬೇಸರವಿಲ್ಲ. "ಕೊಡೋದು ಬಿಡೋದು ಅವರಿಷ್ಟ. ಗೊತ್ತಿದ್ದು ಕೊಡ್ಲಿ, ಅಷ್ಟೇ." ನೀವೂ ಕೊಡುತ್ತೀರಾ ಎಂದರೆ ಕಣ್ಣು ಮಿಟುಕಿಸುತ್ತಾರೆ. "ಗುಮಾಸ್ತರನ್ನ ಹಾಗೆಲ್ಲ ಕೇಳೋ ಹಾಗಿಲ್ಲ. ಕಾನೂನು ಓದ್ಕೊಂಡು ಬನ್ನಿ."

ಗೇಲ್ ಮನಸ್ಸು ಬದಲಿಸಿದ್ದೇಕೆಂದು ವರ್ನಾಗೆ ತಿಳಿದದ್ದು ಕ್ರಿಸ್‌ಮಸ್ ಹೊತ್ತಿಗೆ, ಪಕ್ಕದ ಮೇಜಿನ ಓಪಲ್ ಬಾಯಿಬಿಟ್ಟಾಗ. ಖಜಾಂಚಿಯಾಗು ಎಂದು ಗೇಲ್ ಮೊದಲು ಓಪಲ್‌ರನ್ನೇ ಕೇಳಿದ್ದರಂತೆ. ಅವರು ಆಗಲ್ಲ ಎಂದುಬಿಟ್ಟರು. ಆಮೇಲೆ ಉಗ್ರಾಣದ ಲಮಾರ್ ಬಳಿ ಹೋದರು. ಲಮಾರ್‌ಗೂ ವರ್ನಾಗೂ ಕಾರು ನಿಲ್ಲಿಸುವ ಜಾಗಕ್ಕಾಗಿ ಹನ್ನೊಂದು ವರ್ಷಗಳಿಂದ ಮಾತಿಲ್ಲ, ಕತೆಯಿಲ್ಲ. ಲಮಾರ್ ವರದಿಯನ್ನು ಮುಟ್ಟಲೂ ಇಲ್ಲ.

"ವರ್ನಾ ಸಹಿ ಹಾಕಿದ್ಲಾ?"

"ಇಲ್ಲ."

"ಹಾಗಾದ್ರೆ ಅದರಲ್ಲಿ ಏನೋ ತಪ್ಪಿದೆ. ನನಗ್ಯಾಕೆ ತರ್ತೀರಿ?"

ಅಂಗಳ ಖಾಲಿಯಾಗಿದೆ. ವರ್ನಾ ಟೋಪಿ ತೆಗೆದು ಫೈಲಿನ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂರುತ್ತಾರೆ. "ಇಪ್ಪತ್ತಾರು ವರ್ಷ, ನನ್ನ ಸಹಿ ಯಾರೂ ನೋಡಲ್ಲ ಅಂದ್ಕೊಂಡೇ ಹಾಕ್ತಿದ್ದೆ" ಎನ್ನುತ್ತಾರೆ. "ಆ ಲಮಾರ್ ನೋಡ್ತಿದ್ದ."