ರಿಫಾದಲ್ಲಿ ಆಮಿಶಳಾದ ಕಾಂತಾ

ಕಾಂತಾಗೆ ಸುಳ್ಳು ಹೇಳಲು ಬರುವುದಿಲ್ಲ. ಇದನ್ನು ಯಾರೂ ಅವಳ ಸದ್ಗುಣ ಎಂದುಕೊಳ್ಳಬಾರದು. ಅದು ದೇಹದ ಒಂದು ತೊಂದರೆ. ಸುಳ್ಳು ಬಾಯಿಗೆ ಬಂದ ಕೂಡಲೇ ಬಿಕ್ಕಳಿಕೆ ಹಿಡಿಯುತ್ತದೆ. ಹೆಣ್ಣು ನೋಡಲು ಬಂದವರು "ಅಡಗಿ ಬರ್ತದೇನವಾ?" ಎಂದು ಕೇಳಿದಾಗ "ಬರ್ತದ್ರಿ" ಎಂದು ಬಿಕ್ಕಿದ್ದಳು. ವರ ಲಕ್ಷ್ಮೀಪತಿ ಅದನ್ನು ನಾಚಿಕೆ ಎಂದು ತಿಳಿದು ಒಪ್ಪಿಬಿಟ್ಟ. ತಪ್ಪು ಗೊತ್ತಾಗುವಷ್ಟರಲ್ಲಿ ಅವನಿಗೆ ಬಹ್ರೇನಿನ ಅಸ್ಕರ್‌ನ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ, ಗಂಡ ಹೆಂಡತಿ ಇಬ್ಬರೂ ರಿಫಾದ ನಾಲ್ಕನೇ ಮಹಡಿಯ ಫ್ಲ್ಯಾಟಿಗೆ ಬಂದಾಗಿತ್ತು.

ಅಡುಗೆ ಬಾರದಿದ್ದರೂ ಕೌದಿ ಹೊಲಿಯಲು ಬರುತ್ತಿತ್ತು. ಹಾವೇರಿ ಕಡೆಯ ಅಜ್ಜಿ ಕಲಿಸಿದ್ದು. ಹಳೆ ಸೀರೆ, ಹರಿದ ಲುಂಗಿ, ಮಕ್ಕಳ ಅಂಗಿಯ ತುಂಡುಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ನಡುವಿನವರೆಗೆ ದಾರ ಓಡಿಸಬೇಕು. ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೆ ನಾಲ್ಕು ಅಕ್ಕಿ ಕಾಳು ಹಾಕಿ ಕೌದಿಯ ಹೊಟ್ಟೆ ತುಂಬಿಸಬೇಕು. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲ ಎಂದು ಅಜ್ಜಿಯ ವಾದ.

ಕಾಂತಾಳಿಂದ ಈ ವಿದ್ಯೆ ಕಲಿತವರು ಇಬ್ಬರು, ಮೇಲಿನ ಮಹಡಿಯ ಕುಲ್ಸುಂ ಮತ್ತು ಪಕ್ಕದ ಕಟ್ಟಡದ ಸಫ್ನಾ. ಬಂಟ್ವಾಳ ಕಡೆಯ ಬ್ಯಾರಿ ಹೆಂಗಸರು. ಮೂವರೂ ಕಾಂತಾಳ ಹಾಲ್‌ನಲ್ಲಿ ಕೂತರೆ ಬಟ್ಟೆಗಿಂತ ಊರವರ ಮಾನವೇ ಹೆಚ್ಚು ತುಂಡಾಗುತ್ತಿತ್ತು. ಕುಲ್ಸುಂನ ಅತ್ತೆ ಹಲೀಮಮ್ಮ ಮಾತ್ರ ಸೊಸೆಯ ಕೌದಿಯನ್ನು "ಕಾಲೊರಸು" ಎಂದೇ ಕರೆಯುತ್ತಿದ್ದರು.

ಸಫ್ನಾಳ ತಮ್ಮ ಫವಾಝ್ ರಿಫಾದಲ್ಲಿ ಪೀಠೋಪಕರಣದ ಅಂಗಡಿ ಇಟ್ಟಿದ್ದ. ಎಲ್ಲಿಂದಲೋ ಬಂದ ಕುರ್ಚಿಗೆ "ಆಮಿಶ್" ಎಂದು ಚೀಟಿ ಅಂಟಿಸಿ ಮಾರುವುದರಲ್ಲಿ ನಿಪುಣ. ಒಂದು ದಿನ ಅವನು ಓಡಿಬಂದ.

"ಕಾಂತಕ್ಕ, ಆಮಿಶರು ಅಂದ್ರೆ ಅಮೆರಿಕದ ಒಂದು ಪಂಗಡದ ಕ್ರೈಸ್ತರು. ಕುದುರೆ ಗಾಡಿಯಲ್ಲೇ ತಿರುಗುವುದು, ಮನೆಗೆ ಕರೆಂಟ್ ಲೈನ್ ಇಲ್ಲ, ಎಲ್ಲ ಕೈಕೆಲಸ. ಅವರ ಸಾಮಾನು ಅಂದ್ರೆ ಜನ ಕಣ್ಣು ಮುಚ್ಚಿ ತಗೊಳ್ತಾರೆ. ಅರಾದ್ ಊರಿನ ಹುದಾ ಮೇಡಂ ಗೆಸ್ಟ್ ಹೌಸ್ ಮಾಡ್ತಾ ಇದ್ದಾರೆ. ಎಂಟು ಆಮಿಶ್ ಹೊದಿಕೆ ಬೇಕಂತೆ. ನಾನು ಆಯ್ತು ಅಂದೆ."

"ನಿನಗ ಆಮಿಶರು ಎಲ್ಲಿ ಸಿಕ್ರೋ?"

"ನೀವೇ!"

ಕಾಂತಾ ಬಾಯಿ ತೆರೆಯುವ ಮೊದಲೇ ಒಂದು ಬಿಕ್ಕಳಿಕೆ ಬಂತು. ಆಗುವುದಿಲ್ಲ ಎನ್ನಬೇಕೆಂದು ತಿರುಗಿದರೆ, ಕುಲ್ಸುಂನ ಮುಖ ಹಬ್ಬದ ದಿನದಂತೆ ಬೆಳಗುತ್ತಿತ್ತು. ಅವಳ ಕೈಕೆಲಸವನ್ನು ಹೊರಗಿನವರು ಕೇಳಿದ್ದು ಅದೇ ಮೊದಲು. "ಕಾಂತಕ್ಕ, ಇಲ್ಲ ಅಂತ ಹೇಳ್ಬೇಡಿ ಮಾರಾಯ್ರೆ. ನಮ್ಮ ಮಾಮಿಯ ಬಾಯಿ ಒಮ್ಮೆ ಮುಚ್ಚಲಿ."

ಕಾಂತಾ ಯೋಚಿಸಿದಳು. ಸುಳ್ಳು ಹೇಳಲು ಆಗದು, ಆರ್ಡರು ಬಿಡಲೂ ಆಗದು. ಉಳಿದದ್ದು ಒಂದೇ ದಾರಿ: ಸುಳ್ಳನ್ನೇ ನಿಜ ಮಾಡುವುದು.

ಜೂನ್ ತಿಂಗಳು. ಹೊರಗೆ ಬೆಕ್ಕುಗಳು ಕಾರಿನ ಅಡಿಯಿಂದ ಈಚೆಗೆ ಬರಲು ಒಪ್ಪದ ಬಿಸಿಲು. ಅಂಥದ್ದರಲ್ಲಿ ಕಾಂತಾ ಹಾಲ್‌ನ ಎಸಿ, ಫ್ಯಾನು, ದೀಪ ಎಲ್ಲವನ್ನೂ ಆರಿಸಿದಳು. ಮೊಬೈಲುಗಳನ್ನು ಚಪ್ಪಲಿ ಗೂಡಿಗೆ ಹಾಕಿದಳು. ಲಿಫ್ಟನ್ನೂ ನಿಷೇಧಿಸಿದಳು. ಸಫ್ನಾ ಮೆಟ್ಟಿಲು ಹತ್ತಿ ಬಂದು ಸೋಫಾದ ಮೇಲೆ ಬಿದ್ದು, "ಸ್ವರ್ಗ ಕಾಣ್ತಾ ಉಂಟು ಕಾಂತಕ್ಕ. ಅಲ್ಲಿಯೂ ಎಸಿ ಇಲ್ಲ," ಎಂದಳು. ಚಹಾದ ಬಗ್ಗೆ ಚರ್ಚೆಯಾಗಿ, ಗ್ಯಾಸ್ ಕರೆಂಟಲ್ಲ ಎಂದು ತೀರ್ಮಾನವಾಯಿತು. ಫ್ರಿಜ್ಜಿನ ಪ್ರಶ್ನೆ ಬಂದಾಗ, "ಫ್ರಿಜ್ ಏನು ಹೊಲೀತದೇನು? ಇರಲಿ ಬಿಡು," ಎಂದು ಕಾಂತಾ ವಿನಾಯಿತಿ ಕೊಟ್ಟಳು. ಅಂದಿನಿಂದ ಸಫ್ನಾ ಫ್ರಿಜ್ಜಿನ ಬಾಗಿಲು ತೆರೆದು ಅದರ ಎದುರೇ ಕೂತು ಹೊಲಿಯತೊಡಗಿದಳು.

ಲಕ್ಷ್ಮೀಪತಿ ಕೆಲಸ ಮುಗಿಸಿ ಬಂದವನು ಬಾಗಿಲಲ್ಲೇ ನಿಂತ.

"ಕರೆಂಟ್ ಹೋಗೇತೇನು?"

"ಇಲ್ರಿ. ನಾವು ಆಮಿಶ್ ಆಗೇವಿ. ಎಂಟು ಕೌದಿ ಮುಗಿಯೋತನಕ."

"ನಂದೂ ಧರ್ಮ ಬದಲಾತೇನು?"

"ನೀವು ಬೆಡ್‌ರೂಮಿನ್ಯಾಗ ಹಿಂದೂನ ಇರ್ರಿ, ಎಸಿ ಹಾಕ್ಕೊಂಡು."

ಲಕ್ಷ್ಮೀಪತಿ ತನ್ನ ಧರ್ಮಕ್ಕೆ ಇಷ್ಟು ಕೃತಜ್ಞನಾಗಿದ್ದು ಅದೇ ಮೊದಲು.

ಮೂರು ಕೌದಿ ಮುಗಿದಾಗ ಹುದಾ ನೋಡಲು ಬಂದಳು, ಹಿಂದೆ ಫವಾಝ್. ಬಹ್ರೇನಿನವಳೇ ಆದ ಹುದಾ ಓದಿದ್ದು ಅಮೆರಿಕದಲ್ಲಿ. ಮಾತು ಅರ್ಧ ಹಿಂದಿ, ಅರ್ಧ ಇಂಗ್ಲಿಷು. ಬೆವರಿನಲ್ಲಿ ತೊಯ್ದ ಮೂವರು ಹೆಂಗಸರನ್ನು ಕಂಡು ಗಾಬರಿಯಾದಳು. ಕುಲ್ಸುಂ ಕಾರಣ ಹೇಳಿದಾಗ ನಕ್ಕು ನಕ್ಕು ಅಬಾಯದ ತುದಿಯಿಂದ ಕಣ್ಣೊರೆಸಿಕೊಂಡಳು.

"ನಾನು ಆಮಿಶರ ಬಡಗಿ ಅಂಗಡಿಗೆ ಹೋಗಿದ್ದೆ. ಕರೆಂಟ್ ಲೈನ್ ಇಲ್ಲ, ನಿಜ. ಆದರೆ ಹಿಂದೆ ಡೀಸೆಲ್ ಎಂಜಿನ್ ಇಟ್ಟು ಗಾಳಿಯ ಒತ್ತಡದಲ್ಲಿ ಯಂತ್ರ ಓಡಿಸ್ತಾರೆ. ಅವರು ನಿಮ್ಮಷ್ಟು ಪೆದ್ದರಲ್ಲ."

"ಹಾಗಾದ್ರೆ ಅವರೂ ನಮ್ಮ ಹಾಗೆ ವ್ಯಾಪಾರದವರೇ," ಎಂದಳು ಕುಲ್ಸುಂ.

"ನಾವು ಆಮಿಶರಲ್ಲ ಅಂತ ಮೊದಲೇ ಗೊತ್ತಿತ್ತೇನ್ರಿ?" ಕಾಂತಾ ಕೇಳಿದಳು.

"ಫವಾಝ್ ತನ್ನ ಮಾವನೇ ಆಮಿಶ್ ಅಂದಾಗಲೇ ಗೊತ್ತಾಯ್ತು. ಇರಲಿ, ಬರುವ ಅತಿಥಿಗಳಿಗೆ ಏನು ಗೊತ್ತಾಗುತ್ತೆ? ಯಾರಾದರೂ ಕೇಳಿದರೆ ಆಮಿಶ್ ಅಂದುಬಿಡಿ, ಸಾಕು."

ಫವಾಝ್ ಗೋಡೆ ನೋಡುತ್ತ, "ಹೂಂ ಅನ್ನಿ ಕಾಂತಕ್ಕ," ಎಂದ.

ಕಾಂತಾ ಕುಲ್ಸುಂನ ಮುಖ ನೋಡಿದಳು. ಅವಳಿಗಾಗಿ ಪ್ರಯತ್ನಪಟ್ಟಳು. "ಹೌದ್ರಿ, ಇವು ಆಮಿ..." ಬಿಕ್ಕಳಿಕೆ. ನೀರು ಕುಡಿದಳು. "ಇವು ಆ..." ಮತ್ತೆ ಬಿಕ್ಕಳಿಕೆ. ಅಷ್ಟರಲ್ಲಿ ಹುದಾಳ ಬೆರಳು ಕೌದಿಯ ಮೂಲೆಯಲ್ಲಿ ಏನನ್ನೋ ಒತ್ತಿ ನೋಡುತ್ತಿತ್ತು.

"ಇದೇನು?"

"ಅಕ್ಕಿ. ಅದರ ಹೊಟ್ಟಿ ತುಂಬಸಾಕ." ಈ ಮಾತು ಸಲೀಸಾಗಿ ಬಂತು.

"ಆಮಿಶ್ ಹೊದಿಕೆಯಲ್ಲಿ ಅಕ್ಕಿ ಇರಲ್ಲ. ತೆಗೆದುಬಿಡಿ."

ಕಾಂತಾ ಕೌದಿಯನ್ನು ಮೆಲ್ಲಗೆ ಅವಳ ಕೈಯಿಂದ ಬಿಡಿಸಿಕೊಂಡಳು. "ಇದು ಕೌದಿ ರೀ. ಕುಲ್ಸುಂ ಹೊಲದಾಳ. ಹಂಗಂತ ಹೇಳಿ ಹಾಸೂದಿದ್ರ ಒಯ್ರಿ. ಇಲ್ಲಾಂದ್ರ ಬ್ಯಾಡ್ರಿ."

ಹುದಾ ಬರಿಗೈಯಲ್ಲಿ ಹೋದಳು. ಫವಾಝ್ ತಲೆ ಹಿಡಿದುಕೊಂಡು ಹೋದ. ಕುಲ್ಸುಂ ತನ್ನ ಕೌದಿಗಳನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿದಳು. ಆ ಸಂಜೆ ಕಾಂತಾಗೆ ಊಟ ಸೇರಲಿಲ್ಲ. ಸತ್ಯ ಹೇಳಿದರೂ ಹೊಟ್ಟೆ ಕೆಡುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಮೇಲಿನ ಮಹಡಿಯಲ್ಲಿ ಮಾತ್ರ ಬೇರೆಯೇ ನಡೆದಿತ್ತು. ಸೊಸೆ ಅಳುತ್ತ ಎಲ್ಲ ಹೇಳಿದಾಗ ಹಲೀಮಮ್ಮನಿಗೆ ಸಿಟ್ಟು ನೆತ್ತಿಗೇರಿತು. ಸೊಸೆಯ ಕೌದಿಯನ್ನು ಕಾಲೊರಸು ಎನ್ನುವ ಹಕ್ಕು ಅವರೊಬ್ಬರದ್ದೇ ಆಗಿತ್ತು. "ಅನ್ನ ತೆಗೆದು ಬಿಸಾಡು ಅಂತ ಹೇಳ್ಲಿಕ್ಕೆ ಅವಳು ಯಾರು?" ಎಂದು ಫೋನು ಕೈಗೆತ್ತಿಕೊಂಡರು. ಬ್ಯಾರಿಗಳ ವ್ಯಾಪಾರಕ್ಕೆ ಜಾಹೀರಾತು ಎಂಬ ಖರ್ಚಿಲ್ಲ; ಹಲೀಮಮ್ಮನಂಥ ಒಬ್ಬರಿಗೆ ಸಿಟ್ಟು ಬಂದರೆ ಸಾಕು. ಶುಕ್ರವಾರದ ನಮಾಜು ಮುಗಿಯುವಷ್ಟರಲ್ಲಿ ಬಹ್ರೇನಿನಲ್ಲಿದ್ದ ಊರವರಿಗೆಲ್ಲ ಅಕ್ಕಿ ಕೌದಿಯ ಕಥೆ ಗೊತ್ತಾಗಿತ್ತು. ಅರಾದಿನ ಒಂದು ಬಾಣಂತಿ ಮನೆಯವರು ಕುಲ್ಸುಂ ಕೈಯದ್ದೇ ಬೇಕು ಎಂದರು. ಇನ್ನೊಬ್ಬರು ಸಫ್ನಾಳದ್ದು ಕೇಳಿದರು. ಲಕ್ಷ್ಮೀಪತಿಯ ಆಫೀಸಿನ ಬೆಂಗಳೂರಿನ ಸೌಜನ್ಯ, "ಅಕ್ಕಿ ಜಾಸ್ತಿ ಹಾಕಿ ಆಂಟಿ, ನನ್ನ ಮಗಂಗೆ ನಿದ್ದೇನೇ ಬರಲ್ಲ," ಎಂದಳು.

ಕುಲ್ಸುಂ ಮೆಟ್ಟಿಲಿಳಿದು ಬಂದು, "ದಾರ ಮುಗ್ದಿದೆ ಕಾಂತಕ್ಕ," ಎಂದಳು. ರಾಜಿಗೆ ಅಷ್ಟೇ ಸಾಕಾಯಿತು.

ತಿಂಗಳಾದ ಮೇಲೆ, ಅರಾದಿನಲ್ಲೂ ಕೌದಿಯ ಮಾತೇ ಕೇಳಿ, ಹುದಾ ಮತ್ತೆ ಬಂದಳು. ಅಕ್ಕಿಯೂ ಇರಲಿ, ಹೊಲಿದವರ ಹೆಸರೂ ಇರಲಿ, ಎಂಟು ಕೌದಿ ಕೊಡಿ ಎಂದಳು.

"ಕೊಡೂಣಂತ. ಆದ್ರ ಪಾಳಿ ಅದ," ಎಂದಳು ಕಾಂತಾ. "ಪಾಳಿ ಬರಕೊಳ್ಳೋರು ಮ್ಯಾಲಿನ ಮನಿ ಹಲೀಮಮ್ಮ, ಅವರನ್ನ ಕೇಳ್ರಿ."

ಹುದಾ ಮೇಲೆ ಹೋದಳು. ಹಲೀಮಮ್ಮ ಅವಳನ್ನು ಎದುರಿಗೆ ಕೂರಿಸಿಕೊಂಡು, ಚಹಾ ಕೊಟ್ಟು, ಮದುವೆಯಾಗಿದೆಯೋ ಇಲ್ಲವೋ ವಿಚಾರಿಸಿ, ಇನ್ನೂ ಯಾಕೆ ಆಗಿಲ್ಲ ಎಂದು ತಿಳಿದುಕೊಂಡು, ಪಾಳಿಯ ಕೊನೆಯಲ್ಲಿ ಹಾಕಿದರು.