ಮೂವತ್ತೊಂದನೆಯ ಕಾರ್ಡು

ಮೊಮ್ಮಗಳು ಶ್ರೇಯಾ ಶಾಲೆಯಿಂದ ಬಂದವಳೇ ಬಬಲ್ ಗಮ್ ಜಗಿಯುತ್ತ ನನ್ನ ಪಕ್ಕದಲ್ಲಿ ಕೂತಳು. ಆ ಸಿಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ಕಪಾಟಿನ ಕಡೆ ಹೋಯಿತು. ಬಟ್ಟೆಯ ಪುಸ್ತಕ ತೆಗೆದು ನೋಡಿದೆ. ಮೂವತ್ತೊಂದನೆಯ ಕಾರ್ಡು ಇದೆ. ಬೆಳಗಿನಿಂದ ಇದು ಆರನೆಯ ಸಲ. ನಗಬೇಡಿ. ಸಂತೋಷವಾದವರಿಗೆ ಒಳ್ಳೆಯ ನಿದ್ದೆ ಬರುತ್ತದಂತೆ. ನನಗೆ ಶುಕ್ರವಾರದಿಂದ ಎದೆಯ ಡವಡವ ನಿಂತಿಲ್ಲ.

ನಾನು ಗಲ್ಫಿನಲ್ಲಿ, ಸತ್ವಾ ಎಂಬ ಪೇಟೆಯಲ್ಲಿ ದರ್ಜಿ. ಓದಿದ್ದು ಮೂರನೆಯ ಕ್ಲಾಸು. ಇಂಗ್ಲಿಷಿನಲ್ಲಿ ಅಂಕೆ ಮಾತ್ರ ಗೊತ್ತು, ಅದೂ ಅಳತೆ ಟೇಪು ಕಲಿಸಿದ್ದು. ಹಿಂದೆ ಇಂಡಿಯಾದಿಂದ ಬರುತ್ತಿದ್ದ ಒಂದು ಬಬಲ್ ಗಮ್ಮಿನ ಪೊಟ್ಟಣದಲ್ಲಿ ಒಂದೊಂದು ಕ್ರಿಕೆಟ್ ಕಾರ್ಡು ಇರುತ್ತಿತ್ತು. ಎದುರಿಗೆ ಆಟಗಾರನ ಚಿತ್ರ, ಮೂಲೆಯಲ್ಲಿ ನಂಬರು, ಹಿಂದೆ ಇರುವೆ ಸಾಲಿನಂಥ ಅಕ್ಷರ. ಒಟ್ಟು ಐವತ್ತು. ಆ ಗಮ್ಮು ಬರುವುದು ನಿಂತು ಎಷ್ಟೋ ವರ್ಷವಾಯಿತು.

ಹೊಲಿಯಲು ಬಂದ ಬಟ್ಟೆಯ ಕಿಸೆಯನ್ನು ಮೊದಲು ನೋಡುವುದು ನಮ್ಮ ಕಸುಬಿನ ಪದ್ಧತಿ. ಒಬ್ಬ ಹುಡುಗನ ಶಾಲೆಯ ಪ್ಯಾಂಟಿನಲ್ಲಿ ಕಾರ್ಡು ಸಿಕ್ಕಿತು. ವಾಪಸು ಕೊಡಲು ಹೋದರೆ, "ನನ್ನ ಹತ್ರ ಇದು ಎರಡುಂಟು, ನೀವೇ ಇಟ್ಕೊಳ್ಳಿ" ಅಂದ. ಅಲ್ಲಿಂದ ಹಿಡಿಯಿತು ಹುಚ್ಚು. ಎರಡೆರಡು ಇದ್ದ ಮಕ್ಕಳು ನನಗೊಂದು ಕೊಡುವರು, ನಾನು ಅವರ ಹರಿದ ಕಿಸೆ ಹೊಲಿದುಕೊಡುವೆ.

ಮೂವತ್ತೊಂದನೆಯ ನಂಬರಿನದೂ ಆಗಲೇ ಒಮ್ಮೆ ಸಿಕ್ಕಿತ್ತು. ಅಂಗಿಯ ಕಿಸೆಗೆ ಹಾಕಿಕೊಂಡು ರೂಮಿಗೆ ನಡೆದೆ. ಹೋಗಿ ನೋಡಿದರೆ ಇಲ್ಲ. ಕಿಸೆಯ ಅಡಿಹೊಲಿಗೆ ಬಿಚ್ಚಿಹೋಗಿತ್ತು. ಊರವರ ಕಿಸೆ ಹೊಲಿಯುವವನಿಗೆ ತನ್ನದನ್ನು ನೋಡಿಕೊಳ್ಳಲು ಪುರಸೊತ್ತಿಲ್ಲ, ನೋಡಿ. ಬಸ್ ಸ್ಟಾಪಿನವರೆಗೆ ನೆಲ ನೋಡುತ್ತ ಮೂರು ಸಲ ನಡೆದೆ. ಮರುದಿನವೇ ಉಳಿದ ಕಾರ್ಡುಗಳನ್ನೆಲ್ಲ ದಪ್ಪ ಬಟ್ಟೆಯ ಹಾಳೆಗಳ ಮೇಲಿಟ್ಟು ನಾಲ್ಕೂ ಅಂಚಿಗೆ ಮೆಷಿನ್ ಓಡಿಸಿಬಿಟ್ಟೆ. ಆಮೇಲೆ ಸಿಕ್ಕಿದವಕ್ಕೂ ಅದೇ ಗತಿ. ಅಂಗಡಿಯಲ್ಲಿ ಜೊತೆಗಿದ್ದ ಖಾದರ್, "ಎಂತ ಮಾರಾಯ, ನಾಳೆ ದಿರ್ಹಮ್ ನೋಟಿಗೂ ಅಂಚು ಹೊಡಿತೀಯಾ?" ಎಂದು ಕಾಡಿಸುತ್ತಿದ್ದ.

ಹೀಗೆ ನಲವತ್ತೊಂಬತ್ತಕ್ಕೆ ನಿಂತಿತು. ಕಳೆದ ತಿಂಗಳು ಶ್ರೇಯಾ ಫೋನಿನಲ್ಲಿ ಹುಡುಕಿ, ದೂರದ ಮುಸಫ್ಫಾ ಎಂಬಲ್ಲಿ ಗ್ಯಾರೇಜು ಇಟ್ಟಿರುವ ನಮ್ಮ ಮಂಗಳೂರು ಕಡೆಯ ವಿಲ್ಲಿ ಎಂಬವರ ಹತ್ತಿರ ಮೂವತ್ತೊಂದು ಇದೆ ಎಂದಳು. ಅವರ ಉತ್ತರ: ಮಾರುವುದಿಲ್ಲ, ಬೇಕಾದರೆ ಬಂದು ನೋಡಿ. ಶುಕ್ರವಾರ ಇಬ್ಬರೂ ಬಸ್ಸು ಹತ್ತಿದೆವು.

ವಿಲ್ಲಿ ಗ್ರೀಸಿನ ಕೈ ಒರೆಸಿಕೊಂಡು ನನ್ನ ಪುಸ್ತಕ ಬಿಡಿಸಿದವರು ಹೌಹಾರಿದರು. "ಅಜ್ಜ, ಇದೆಂತ ಮಾಡಿದ್ದು ನೀವು? ಎಲ್ಲದಕ್ಕೂ ಸೂಜಿ ಚುಚ್ಚಿದ್ದೀರಲ್ಲ. ಕೊಟ್ರೆ ಇದಕ್ಕೂ ಚುಚ್ತೀರಿ."

"ಇಲ್ಲದಿದ್ರೆ ಬೀಳ್ತದಲ್ಲ," ಅಂದೆ. ಅಷ್ಟು ವರ್ಷ ಜೋಪಾನ ಎಂದುಕೊಂಡದ್ದು ಅವರ ಕಣ್ಣಿಗೆ ಹಾಳು ಮಾಡಿದ್ದಾಗಿತ್ತು.

ಶ್ರೇಯಾ ಪುಸ್ತಕವನ್ನು ತಲೆಕೆಳಗು ಹಿಡಿದು ಗಡಗಡ ಅಲ್ಲಾಡಿಸಿದಳು. "ಅಂಕಲ್, ಸೀ. ನಥಿಂಗ್ ಫೆಲ್. ಅಜ್ಜ ಟೇಕ್ಸ್ ಕೇರ್."

"ಹೊಲಿದ್ರೆ ಬೀಳ್ಳಿಕ್ಕೆ ಉಂಟಾ ಮಗಾ?" ವಿಲ್ಲಿಗೆ ನಗು ಬಂತು. ನನ್ನ ಮುಖ, ಅವಳ ಮುಖ ಎರಡನ್ನೂ ನೋಡಿದರು. "ಆಯ್ತು, ನನ್ನ ಹತ್ರ ಎರಡುಂಟು. ಒಂದು ತಕೊಳ್ಳಿ. ಸೂಜಿ ಹತ್ರ ತಂದ್ರೆ ಮಾತ್ರ ಸತ್ವಾಕ್ಕೆ ಬಂದು ವಾಪಸ್ ತರ್ತೇನೆ, ಗೊತ್ತಾಯ್ತಾ?"

ನಾನು ತಲೆಯಾಡಿಸಿದೆ. ಬರುವಾಗ ಬಸ್ಸಿನಲ್ಲಿ ಕಾರ್ಡನ್ನು ಎರಡು ಅಂಗೈ ನಡುವೆ ಹಿಡಿದು ಕೂತಿದ್ದೆ. "ಅಜ್ಜ, ಆರ್ ಯು ಪ್ರೇಯಿಂಗ್?" ಎಂದು ಶ್ರೇಯಾ ಕೇಳಿದಳು.

ಮಾತು ಉಳಿಸಿಕೊಂಡಿದ್ದೇನೆ. ಪುಸ್ತಕದಲ್ಲೇ ಬಟ್ಟೆಯ ಸಣ್ಣ ಚೀಲ ಮಾಡಿ ಕಾರ್ಡನ್ನು ಅದರೊಳಗೆ ಸುಮ್ಮನೆ ಸೇರಿಸಿಟ್ಟಿದ್ದೇನೆ. ಐವತ್ತರಲ್ಲಿ ಹೊಲಿಗೆ ಇಲ್ಲದ್ದು ಅದೊಂದೇ. ಅದಕ್ಕೇ ಈ ಡವಡವ, ದಿನಕ್ಕೆ ಹತ್ತು ಸಲ ಕಪಾಟು.

ಇವತ್ತು ಶ್ರೇಯಾ ನನ್ನನ್ನು ಕೇಳದೆಯೇ ಆ ಕಾರ್ಡನ್ನು ಚೀಲದಿಂದ ಹೊರಗೆಳೆದಳು. "ಮೆಲ್ಲ, ಮೆಲ್ಲ," ಅಂದೆ. ಅವಳು ಹಿಂದೆ ತಿರುಗಿಸಿ ಓದತೊಡಗಿದಳು. ಎಡಗೈ ಬೌಲರಂತೆ. ಅಪ್ಪ ರೈಲ್ವೆಯಲ್ಲಿದ್ದರಂತೆ. ಇಷ್ಟದ ತಿಂಡಿ ಹುರಿಗಡಲೆಯಂತೆ. ನನಗೆ ನಗು ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರೂ ಬಂತು. ಇಷ್ಟು ವರ್ಷ ಈ ಮುಖಗಳನ್ನು ಕಾದವನಿಗೆ ಇವರು ಏನು ತಿನ್ನುತ್ತಾರೆ ಎಂದೇ ಗೊತ್ತಿರಲಿಲ್ಲ.

"ಉಳಿದವರದ್ದು ಎಂತ ಬರೆದಿದೆ, ಅಜ್ಜ?"

ಎಲ್ಲರ ಬೆನ್ನೂ ಬಟ್ಟೆಗೆ ಅಂಟಿಕೊಂಡಿದೆ. ಹೊಲಿದವನು ನಾನೇ.

ಸಣ್ಣ ಕತ್ತರಿ ತೆಗೆದೆ. ಕನ್ನಡಕ ಹಾಕಿಕೊಂಡು ಒಂದನೆಯ ಕಾರ್ಡಿನ ಅಂಚಿನಲ್ಲಿ ಮೊದಲ ದಾರ ಕತ್ತರಿಸಿದೆ. ಶ್ರೇಯಾ ಕಾರ್ಡಿನ ಕೆಳಗೆ ಅಂಗೈ ಒಡ್ಡಿ ಕೂತಳು.